ಲಾಂಗ್ ರನ್‌ಗೆ ಏನು ಒಯ್ಯಲಿ? ಜೆಲ್, ಖರ್ಜೂರದ ಬಾರ್, ರಾಗಿ ಬ್ರೆಡ್, ಹಾಲಿನ ಬನ್

ಮ್ಯಾರಥಾನ್ ಓಡುವವರ ಮನೆಯಲ್ಲಿ ಓವನ್ ಕೂಡ ಇದ್ದರೆ ಒಂದು ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ: ಓಡುತ್ತಾ ತಿನ್ನುವುದನ್ನೂ ನಾವೇ ಯಾಕೆ ಬೇಕ್ ಮಾಡಿಕೊಳ್ಳಬಾರದು? ನನಗೆ ಭಾನುವಾರದ ಲಾಂಗ್ ರನ್ ಎಷ್ಟು ಇಷ್ಟವೋ ಶನಿವಾರ ಹಿಟ್ಟು ನಾದುವುದೂ ಅಷ್ಟೇ ಇಷ್ಟ. ಹಾಗಾಗಿ ಮುಂಬೈ ಮ್ಯಾರಥಾನ್‌ಗೆ ತಯಾರಿ ಮಾಡುವಾಗ ಅಂಗಡಿಯ ಎನರ್ಜಿ ಜೆಲ್ (ಪುಟ್ಟ ಪ್ಯಾಕೆಟ್ಟಿನಲ್ಲಿ ಬರುವ ಸಿಹಿ ಲೇಹ್ಯದಂಥದ್ದು) ಜೊತೆಗೆ ಮನೆಯಲ್ಲೇ ಮಾಡಿದ ಮೂರು ತಿನಿಸುಗಳನ್ನು ಸರದಿಯಂತೆ ಸೊಂಟದ ಬೆಲ್ಟಿನಲ್ಲಿ ಇಟ್ಟುಕೊಂಡು ಓಡಿದೆ. ಕಬ್ಬನ್ ಪಾರ್ಕಿನ ಸುತ್ತುಗಳಲ್ಲಿ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದ ಒಳರಸ್ತೆಗಳಲ್ಲಿ, ನಂದಿ ಬೆಟ್ಟದ ತಪ್ಪಲಿನಲ್ಲಿ. ಎಲ್ಲ ಕಡೆಯೂ ನೋಡಿದ್ದು ಮೂರೇ ಸಂಗತಿ: ಬಾಯಿ ಒಣಗಿದಾಗ ಗಂಟಲಲ್ಲಿ ಇಳಿಯುತ್ತದೆಯೇ, ಹೊಟ್ಟೆ ಸುಮ್ಮನಿರುತ್ತದೆಯೇ, ಕಾಲಿಗೆ ಶಕ್ತಿ ಬರುತ್ತದೆಯೇ.

ಹೋಲಿಕೆಗೆ ಇಳಿಯುವ ಮೊದಲು ಲೆಕ್ಕ ಸ್ವಲ್ಪ ಗೊತ್ತಿರಬೇಕು. ನಮ್ಮ ಸ್ನಾಯು ಮತ್ತು ಯಕೃತ್ತು ಸೇರಿ ಕೂಡಿಟ್ಟುಕೊಳ್ಳುವ ಗ್ಲೈಕೋಜನ್, ಅಂದರೆ ಓಟಕ್ಕೆ ಇಂಧನವಾಗುವ ಸಕ್ಕರೆಯ ದಾಸ್ತಾನು, ಹೆಚ್ಚುಕಡಿಮೆ 400ರಿಂದ 500 ಗ್ರಾಂ. 42.195 ಕಿ.ಮೀ.ಗೆ ಅದು ಸಾಲುವುದಿಲ್ಲ. 30 ಕಿ.ಮೀ. ದಾಟುವ ಹೊತ್ತಿಗೆ ಕಾಲು ಕಲ್ಲಾಗುವುದು, ಓಟಗಾರರು ‘ವಾಲ್’ ಎನ್ನುವುದು, ಬಹುಪಾಲು ಇದರಿಂದಲೇ. ಅದಕ್ಕೇ ದಾರಿಯುದ್ದಕ್ಕೂ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುತ್ತಿರಿ ಅನ್ನುತ್ತಾರೆ. ಎರಡೂವರೆ ಗಂಟೆ ಮೀರಿದ ಓಟಕ್ಕೆ, ಹೊಟ್ಟೆ ಒಗ್ಗಿದ್ದರೆ, 90 ಗ್ರಾಂವರೆಗೂ ಹೋಗಬಹುದು. ಆದರೆ ಅಷ್ಟು ದಕ್ಕಬೇಕಾದರೆ ಗ್ಲೂಕೋಸ್ ಜೊತೆ ಫ್ರಕ್ಟೋಸ್ ಕೂಡ ಇರಬೇಕು. ಕರುಳು ಇವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೀರಿಕೊಳ್ಳುತ್ತದೆ, ಗ್ಲೂಕೋಸಿನ ದಾರಿಯಲ್ಲಿ ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಹಿಡಿಸುವುದಿಲ್ಲ. ಇನ್ನೊಂದು ಮಾತು: ಓಡುವಾಗ ರಕ್ತ ಹೊಟ್ಟೆಯಿಂದ ಕಾಲಿನ ಕಡೆಗೆ ತಿರುಗುತ್ತದೆ. ಜೀರ್ಣಕ್ಕೆ ಆಗ ಬಲ ಕಡಿಮೆ. ನಾರು ಮತ್ತು ಕೊಬ್ಬು ಹೆಚ್ಚಿದ್ದಷ್ಟೂ ತಿಂದದ್ದು ಹೊಟ್ಟೆಯಲ್ಲೇ ಕೂರುತ್ತದೆ.

ಮೊದಲು ಜೆಲ್. ಒಂದು ಪ್ಯಾಕೆಟ್‌ನಲ್ಲಿ 22ರಿಂದ 25 ಗ್ರಾಂ ಕಾರ್ಬೋಹೈಡ್ರೇಟ್. ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ, ಬೇಗ ಗ್ಲೂಕೋಸ್ ಆಗುವ ಪುಡಿ) ಮತ್ತು ಫ್ರಕ್ಟೋಸ್ ಬೆರೆತಿರುವುದರಿಂದ ಹೊಟ್ಟೆಗೆ ಕೆಲಸವೇ ಇಲ್ಲ. ಹರಿದು, ಹಿಂಡಿ, ನುಂಗಿ, ಮೇಲೆ ನಾಲ್ಕು ಗುಟುಕು ನೀರು ಕುಡಿದರೆ ಮುಗಿಯಿತು. ಅಗಿಯುವ ಪ್ರಮೇಯವಿಲ್ಲ. ಓಟದ ವೇಗವೂ ತಗ್ಗುವುದಿಲ್ಲ. ಕೆಲಸದ ದೃಷ್ಟಿಯಿಂದ ಇದನ್ನು ಮೀರಿಸುವ ವಸ್ತು ನನಗೆ ಸಿಕ್ಕಿಲ್ಲ, ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಎರಡು ಜೆಲ್ ಆದಮೇಲೆ ನಾಲಿಗೆಗೆ ಆ ಸಿಹಿ ಹಿಡಿಸದು. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡು ‘ಮುಂದಿನ ಕಿಲೋಮೀಟರಿಗೆ ನೋಡೋಣ’ ಎಂದು ಮುಂದೂಡುವುದನ್ನು ನಮ್ಮ ಗುಂಪಿನ ಹಲವರಲ್ಲಿ ಕಂಡಿದ್ದೇನೆ. ಬೆಲೆಯೂ ಕಡಿಮೆಯಲ್ಲ. ಪ್ರತಿ ವಾರ ನಾಲ್ಕೈದು ಖರ್ಚಾದರೆ ತಿಂಗಳ ಕೊನೆಗೆ ಗೊತ್ತಾಗುತ್ತದೆ. ಇನ್ನು ನಂದಿಯ ರಸ್ತೆಬದಿಯಲ್ಲಿ ಬಿದ್ದಿರುವ ಖಾಲಿ ಪ್ಯಾಕೆಟ್‌ಗಳನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ದಯವಿಟ್ಟು ಜೇಬಿಗೆ ಹಾಕಿಕೊಳ್ಳಿ.

ಖರ್ಜೂರದ ಬಾರ್ ಬಗ್ಗೆ ನನಗೆ ತುಂಬ ಆಸೆ ಇತ್ತು. ಬೀಜ ತೆಗೆದ ಖರ್ಜೂರ 200 ಗ್ರಾಂ, ಓಟ್ಸ್ 100 ಗ್ರಾಂ, ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ 60 ಗ್ರಾಂ, ಚಿಟಿಕೆ ಉಪ್ಪು. ಎಲ್ಲ ಕಲಸಿ ತಟ್ಟೆಯಲ್ಲಿ ಒತ್ತಿ, ಓವನ್‌ನಲ್ಲಿ ಅಂಚು ಕೆಂಪಾಗುವಷ್ಟು ಸುಟ್ಟು, ಹತ್ತು ತುಂಡು ಮಾಡಿದರೆ ಒಂದೊಂದರಲ್ಲಿ ಸುಮಾರು 22 ಗ್ರಾಂ ಕಾರ್ಬೋಹೈಡ್ರೇಟ್. ಕಾಗದದ ಮೇಲೆ ಜೆಲ್‌ಗೆ ಸರಿಸಮ. ಆದರೆ ಅದೇ ತುಂಡಿನಲ್ಲಿ ಮೂರು ಗ್ರಾಂನಷ್ಟು ನಾರೂ ಇದೆ, ಕಡಲೆಬೀಜದ ಎಣ್ಣೆಯೂ ಇದೆ. ಓಡುವಾಗ ಗೊತ್ತಾಗುವುದು ಇದೇ. ಅಗಿಯಲು ಒಂದು ನಿಮಿಷ, ಹಲ್ಲಿಗೆ ಮೆತ್ತಿದ್ದನ್ನು ನಾಲಿಗೆಯಿಂದ ಬಿಡಿಸಲು ಇನ್ನೊಂದು, ಅಷ್ಟರಲ್ಲಿ ಉಸಿರಿನ ಲಯ ತಪ್ಪಿರುತ್ತದೆ. ಗಂಟೆಗೆ ಒಂದು ತಿಂದರೆ ಪರವಾಗಿಲ್ಲ, ಎರಡಾದರೆ ಹೊಟ್ಟೆ ಭಾರ. ನಡಿಗೆ-ಓಟ ಬೆರೆಸಿ ಬೆಟ್ಟ ಹತ್ತುವ ದಿನ, ಸೈಕಲ್ ತುಳಿಯುವ ದಿನ ಮಾತ್ರ ಇದು ಬಹಳ ಚೆನ್ನಾಗಿ ಒದಗುತ್ತದೆ. ಟಾರು ರಸ್ತೆಯಲ್ಲಿ ಒಂದೇ ವೇಗ ಹಿಡಿದು ಓಡುವಾಗ ಬೇಡ.

ರಾಗಿ-ಬಾಳೆಹಣ್ಣಿನ ಬ್ರೆಡ್ ನಾಲ್ಕರಲ್ಲಿ ರುಚಿಗೆ ಮೊದಲನೆಯದು. ಚೆನ್ನಾಗಿ ಕಳಿತ ಪಚ್ಚಬಾಳೆ, ಬೆಲ್ಲ, ಅರ್ಧ ರಾಗಿ ಹಿಟ್ಟು, ಅರ್ಧ ಗೋಧಿ ಹಿಟ್ಟು. ಬೇಯುವಾಗ ಮನೆಯಿಡೀ ಹುರಿಹಿಟ್ಟಿನ ಘಮ. ನೂರು ಗ್ರಾಂ ರಾಗಿಯಲ್ಲಿ ಹತ್ತಿರ ಹತ್ತಿರ 11 ಗ್ರಾಂ ನಾರು, ಮುನ್ನೂರು ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ. ‘ರಾಗಿ ತಿಂದವನು ನಿರೋಗಿ’ ಎಂದು ಕೇಳಿ ಬೆಳೆದವರಿಗೆ ಓಟಕ್ಕೆ ಇದಕ್ಕಿಂತ ಬೇರೇನು ಬೇಕು ಅನ್ನಿಸುವುದು ಸಹಜ. ಬೆಲ್ಟಿನಲ್ಲಿ ಇದರ ಕಥೆಯೇ ಬೇರೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಿಟ್ಟಿಗೆ ಹಿಡಿತ ಬರುವುದಿಲ್ಲ. ಹತ್ತು ಕಿಲೋಮೀಟರ್ ಕುಲುಕಿದ ಮೇಲೆ ಪೊಟ್ಟಣ ಬಿಚ್ಚಿದರೆ ಅರ್ಧ ಪುಡಿ. ಆ ಪುಡಿ ಏದುಸಿರಿನ ಜೊತೆ ಗಂಟಲಿಗೆ ಹೋದರೆ ಕೆಮ್ಮು ಬಂದು ನಿಲ್ಲಲೇಬೇಕು. ನಾರಿನಿಂದ ಕರುಳೂ ಚುರುಕಾಗುತ್ತದೆ, 20ನೇ ಕಿ.ಮೀ.ನಲ್ಲಿ ಅದು ಯಾರಿಗೂ ಬೇಡದ ಚುರುಕುತನ.

ಇನ್ನು ಹಾಲಿನ ಬನ್. ಹೇಳಬೇಕಾದದ್ದು ಹೆಚ್ಚು ಇರುವುದು ಇದರ ಬಗ್ಗೆಯೇ.

ಓಟಕ್ಕೆ ಹೊರಡುವ ಮುಂಚೆ ಅಯ್ಯಂಗಾರ್ ಬೇಕರಿಯ ಸಾದಾ ಸಿಹಿ ಬನ್ನಿನ ಅರ್ಧ, ಒಂದು ಲೋಟ ಕಾಫಿ, ಇದು ನನ್ನ ಹಳೆಯ ರೂಢಿ. ಮೈದಾ, ಸಕ್ಕರೆ, ಈಸ್ಟ್, ಹೊಟ್ಟೆಗೆ ತಕರಾರಿಲ್ಲ. ಅದನ್ನೇ ಓಡುತ್ತಾ ತಿಂದರೆ ಒಣಗಿದ ಬಾಯಲ್ಲಿ ಉಂಡೆಯಾಗಿ ನಿಲ್ಲುತ್ತದೆ. ಅಂದರೆ ಬೇಕಾದದ್ದು ಅದೇ ಬನ್, ಆದರೆ ಇನ್ನೂ ತೇವ, ಇನ್ನೂ ಮೃದು, ಬೆಣ್ಣೆ ಕಡಿಮೆ. ಬೆಣ್ಣೆ ಹೆಚ್ಚಿಸಿ ಮೃದು ಮಾಡುವುದು ಸುಲಭದ ದಾರಿ, ಆದರೆ ಓಟಕ್ಕೆ ಆ ದಾರಿ ಮುಚ್ಚಿದೆ. ಪೂರ್ವ ಏಷ್ಯಾದ ಬೇಕರಿಗಳಲ್ಲಿ ತಾಂಗ್‌ಜಾಂಗ್ ಎಂದು ಕರೆಯುವ ವಿಧಾನ ಇಲ್ಲಿ ಕೈ ಹಿಡಿಯಿತು. 20 ಗ್ರಾಂ ಮೈದಾವನ್ನು 100 ಮಿ.ಲೀ. ಹಾಲಿನಲ್ಲಿ ಗಂಟಿಲ್ಲದೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇದ್ದರೆ 65 ಡಿಗ್ರಿ ಸುಮಾರಿಗೆ ಅದು ಗಟ್ಟಿ ಅಂಬಲಿಯ ಹದಕ್ಕೆ ಬರುತ್ತದೆ, ಸೌಟು ಎಳೆದ ಗೆರೆ ಪಾತ್ರೆಯ ತಳದಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಪಿಷ್ಟ ನೀರು ಕುಡಿದು ಉಬ್ಬಿದೆ ಎಂದರ್ಥ. ಹಾಗೆ ಹಿಡಿದಿಟ್ಟುಕೊಂಡ ನೀರನ್ನು ಅದು ಓವನ್ನಿನ ಬಿಸಿಯಲ್ಲೂ ಪೂರ್ತಿ ಬಿಟ್ಟುಕೊಡುವುದಿಲ್ಲ. ಬನ್ ಮರುದಿನವೂ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ.

ಆರಿದ ಈ ಅಂಬಲಿಗೆ ಇನ್ನೂ 230 ಗ್ರಾಂ ಮೈದಾ, 65 ಮಿ.ಲೀ. ಹಾಲು, 40 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು, 4 ಗ್ರಾಂ ಇನ್‌ಸ್ಟಂಟ್ ಈಸ್ಟ್, ಕೊನೆಗೆ 10 ಗ್ರಾಂ ಬೆಣ್ಣೆ. ಹಿಟ್ಟನ್ನು ಎಳೆದರೆ ಬೆಳಕು ಕಾಣುವಷ್ಟು ತೆಳ್ಳಗಾಗಿಯೂ ಹರಿಯಬಾರದು, ಅಲ್ಲಿಯತನಕ ನಾದಬೇಕು. ಶುಕ್ರವಾರ ರಾತ್ರಿ ನಾದಿ ಫ್ರಿಜ್ಜಿಗೆ ಇಟ್ಟರೆ ನಿಧಾನವಾಗಿ ಹುದುಗುತ್ತದೆ. ಶನಿವಾರ ಬೆಳಿಗ್ಗೆ ಸಣ್ಣ ಓಟ ಮುಗಿಸಿ ಬಂದು ಹನ್ನೆರಡು ಉಂಡೆ ಮಾಡಿ, ಎರಡರಷ್ಟು ಉಬ್ಬಿದ ಮೇಲೆ 180 ಡಿಗ್ರಿಯಲ್ಲಿ ಹದಿನೈದು ನಿಮಿಷ. ತಯಾರಿಯ ವಾರಕ್ಕೂ ಹಿಟ್ಟಿನ ಗಡಿಯಾರಕ್ಕೂ ಇಷ್ಟು ಚೆಂದವಾಗಿ ಹೊಂದಿಕೊಳ್ಳುವ ಬೇಕಿಂಗ್ ಇನ್ನೊಂದಿಲ್ಲ. ಸೋರ್‌ಡೋ ಎಂಬ ಹುಳಿ ಹಿಟ್ಟಿನ ಬ್ರೆಡ್ ನನಗೆ ಪ್ರಾಣ, ಆದರೆ ಅದರ ಗಟ್ಟಿ ಸಿಪ್ಪೆಯನ್ನು ಓಡುತ್ತಾ ಜಗಿಯಲಾಗದು. ಅದು ರಜೆಯ ವಾರಕ್ಕೆ.

ಒಂದು ಬನ್ನಿನಲ್ಲಿ ಹತ್ತೊಂಬತ್ತು ಗ್ರಾಂನಷ್ಟು ಕಾರ್ಬೋಹೈಡ್ರೇಟ್, ಒಂದು ಗ್ರಾಂಗೆ ತುಸು ಮೇಲೆ ಕೊಬ್ಬು, ಉಪ್ಪಿನಿಂದ 160 ಮಿಲಿಗ್ರಾಂ ಸೋಡಿಯಂ. ಮೈದಾದ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತದೆ, ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಜೆಲ್ ತಯಾರಿಸುವವರು ಮಾಡುವ ಬೆರಕೆಯ ಜಾತಿಯೇ ಇದು, ಪ್ರಮಾಣ ಮಾತ್ರ ಬೇರೆ. ಗಂಟೆಗೆ ಎರಡು ತಿಂದರೆ 38 ಗ್ರಾಂ, ಮೂರಾದರೆ 57. ಎರಡು ತುತ್ತಿಗೆ ಒಂದು ಬನ್, ಮೇಲೊಂದು ಗುಟುಕು ನೀರು. ಬೆಣ್ಣೆ ಕಾಗದದಲ್ಲಿ ಒಂದೊಂದನ್ನೇ ಸುತ್ತಿ ಅಂಗೈಯಿಂದ ಚಪ್ಪಟೆ ಒತ್ತಿ ಬೆಲ್ಟಿಗೆ ಹಾಕಿದರೆ ಜಾಗವೂ ಹಿಡಿಯುವುದಿಲ್ಲ, ಪುಡಿಯೂ ಆಗುವುದಿಲ್ಲ. ಎರಡು ಗಂಟೆ ಓಡಿದ ಮೇಲೆ ಬಾಯಿಗೆ ಬರುವ ಹಾಲು-ಉಪ್ಪಿನ ಆ ರುಚಿಗೆ ಮನಸ್ಸು ನಿಜವಾಗಿಯೂ ಅರಳುತ್ತದೆ. ಜೆಲ್ ಈ ಸಂತೋಷವನ್ನು ನನಗೆ ಒಮ್ಮೆಯೂ ಕೊಟ್ಟಿಲ್ಲ.

ಮೈದಾ ಎಂದರೆ ಮೂಗು ಮುರಿಯುವ ಕಾಲ ಇದು. ವಾರದ ಉಳಿದ ಊಟಕ್ಕೆ ಆ ಮಾತು ಸರಿಯೇ. ಆದರೆ ಓಡುತ್ತಿರುವ ದೇಹ ಕೇಳುವುದು ಬೇಗ ಕರಗುವ ಪಿಷ್ಟವನ್ನು. ರಾಗಿಯನ್ನು ಒಳ್ಳೆಯದು ಮಾಡುವ ಗುಣಗಳೇ ಆ ಹೊತ್ತಿನಲ್ಲಿ ಅಡ್ಡ ಬರುತ್ತವೆ. ಊಟದ ತಟ್ಟೆಯ ನಿಯಮವನ್ನು ಓಟದ ಬೆಲ್ಟಿಗೆ ತರಬಾರದು ಎಂಬುದು ಈ ಎಲ್ಲ ಪ್ರಯೋಗದಿಂದ ನನಗೆ ಖಚಿತವಾದ ವಿಷಯ.

ಹಾಗಂತ ಬನ್ ಕೊನೆಯತನಕ ನಡೆಯುತ್ತದೆ ಎಂದು ಹೇಳಲಾರೆ. 30 ಕಿ.ಮೀ. ಆದಮೇಲೆ ಉಸಿರು ಬಾಯಿಂದಲೇ ನಡೆಯುತ್ತಿರುತ್ತದೆ, ಎರಡು ತುತ್ತು ಅಗಿಯುವುದೂ ದೊಡ್ಡ ಕೆಲಸ. ಮುಂಬೈಯಲ್ಲಿ ಪೆಡ್ಡರ್ ರಸ್ತೆಯ ಏರು ಎದುರಾಗುವುದು ಮರಳಿ ಬರುವಾಗ, ಕಾಲು ಸೋತ ಮೇಲೆ. ಸಮುದ್ರದ ಸೆಕೆ ಬೇರೆ. ಅಲ್ಲಿ ಜೆಲ್ ಬಿಟ್ಟರೆ ಗತಿಯಿಲ್ಲ. ಹಾಗಾಗಿ ನನ್ನ ಬೆಲ್ಟಿನ ಲೆಕ್ಕ ಹೀಗೆ: ಮೊದಲ ಮೂರು ಗಂಟೆಗೆ ಅರ್ಧ ಗಂಟೆಗೊಂದರಂತೆ ಆರು ಬನ್, ಮಧ್ಯೆ ನೀರಿನ ಜೊತೆ ಒಂದಿಷ್ಟು ಎಲೆಕ್ಟ್ರೊಲೈಟ್. ಆಮೇಲೆ ಮೂರು ಜೆಲ್, ಅದರಲ್ಲಿ ಕೆಫೀನ್ ಇರುವುದು ಏರಿಗೆ ಸ್ವಲ್ಪ ಮುಂಚೆ. ನಿಮ್ಮ ಓಟ ಮೂರೂವರೆ ಗಂಟೆಯೊಳಗೆ ಮುಗಿಯುವಷ್ಟು ವೇಗದ್ದಾದರೆ ಬನ್ನನ್ನು ಮೊದಲ ಗಂಟೆಗೆ ಮಾತ್ರ ಇಟ್ಟುಕೊಳ್ಳಿ. ಆ ವೇಗದಲ್ಲಿ ಅಗಿಯುವುದು ಕಷ್ಟ. ಹಾಲು ಒಗ್ಗದವರು ಅಂಬಲಿಗೂ ಹಿಟ್ಟಿಗೂ ಹಾಲಿನ ಬದಲು ನೀರನ್ನೇ ಬಳಸಬಹುದು, ಬಣ್ಣ ತುಸು ಕಡಿಮೆ ಬರುತ್ತದೆ, ಮೃದುತನಕ್ಕೆ ಕೊರತೆಯಿಲ್ಲ.

ರಾಗಿ ಬ್ರೆಡ್ಡನ್ನು ನಾನೇನೂ ಕೈಬಿಟ್ಟಿಲ್ಲ. ಓಟ ಮುಗಿದು ಅರ್ಧ ಗಂಟೆಗೆ, ದಪ್ಪ ಹೋಳಿನ ಮೇಲೆ ತುಪ್ಪ, ಪಕ್ಕದಲ್ಲಿ ಒಂದು ಗಟ್ಟಿ ಮೊಸರಿನ ಬಟ್ಟಲು. ಆಗ ಹೊಟ್ಟೆ ಅದನ್ನು ಎರಡು ಕೈ ಚಾಚಿ ಕರೆಯುತ್ತದೆ.