ಹಿಂದಿನ ಲಿಂಕ್‌ಗೆ ಯಾವ ಲೋಹ? ನನ್ನ ಓಟು ಸಾದಾ ಉಕ್ಕಿನ ಪೈಪಿಗೆ

ಅಲ್ಯೂಮಿನಿಯಂ ರಾಡ್, ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು) ಪೈಪ್, ಸಾದಾ ಕಾರ್ಬನ್ ಸ್ಟೀಲ್ ಪೈಪ್. ಮೂರರಲ್ಲೂ ಹಿಂದಿನ ಸಸ್ಪೆನ್ಷನ್ ಲಿಂಕ್, ಅಂದರೆ ಚಕ್ರದ ಕಡೆಯನ್ನು ಬಾಡಿಗೆ ಜೋಡಿಸುವ ಸರಳು, ಮಾಡಿಸಿ ಒಂದೇ ಕಾರಿನ ಕೆಳಗೆ ಓಡಿಸಿದ್ದೇನೆ. ಈಗ ಕಾರಿನಲ್ಲಿ ಉಳಿದಿರುವುದು ಸಾದಾ ಸ್ಟೀಲ್. ಮುಂದೆ ಮಾಡಿಸಿದರೂ ಅದನ್ನೇ ಮಾಡಿಸುತ್ತೇನೆ. ಮಿಕ್ಕಿದ್ದು ಯಾಕೆ ಅನ್ನುವುದರ ವಿವರ.

ಕಾರು ಮಿತ್ಸುಬಿಷಿ ಸೀಡಿಯಾ. ಎರಡು ಲೀಟರ್ ಎಂಜಿನ್, ಹಿಂದೆ ಮಲ್ಟಿಲಿಂಕ್, ಅಂದರೆ ಪ್ರತಿ ಚಕ್ರಕ್ಕೂ ಹಲವು ಲಿಂಕ್. ಹಿಂದೂಸ್ತಾನ್ ಮೋಟಾರ್ಸ್‌ನವರು ತಿರುವಳ್ಳೂರಿನಲ್ಲಿ ತಯಾರಿಸುತ್ತಿದ್ದ ಗಾಡಿ, ನಮ್ಮ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದೆ. ಈಗ ಕಂಪನಿ ಇಲ್ಲಿ ಕಾರು ಮಾರುತ್ತಿಲ್ಲ. ಹಿಂದಿನ ಲಿಂಕ್ ಬೇಕೆಂದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು, ಸಿಕ್ಕಿದ್ದೂ ರಬ್ಬರ್ ಬುಶ್ ಹರಿದದ್ದೇ. ಮೇಲಾಗಿ ಕಾರನ್ನು ತಗ್ಗಿಸಿದ ಮೇಲೆ ಹಿಂದಿನ ಚಕ್ರಗಳ ತಲೆ ಒಳಕ್ಕೆ ವಾಲಿ, ಟೈರಿನ ಒಳಂಚು ಬೇಗ ಸವೆಯುತ್ತಿತ್ತು. ಹಾಗಾಗಿ ಉದ್ದ ಹೊಂದಿಸಿಕೊಳ್ಳಬಹುದಾದ ಲಿಂಕ್ ಬೇಕಾಯಿತು. ಎರಡು ತುದಿಗೂ ರಾಡ್ ಎಂಡ್ (ಥ್ರೆಡ್ ಇರುವ, ಒಳಗೆ ಗುಂಡು ತಿರುಗುವ ಕೀಲು), ಒಂದು ಕಡೆ ರೈಟ್ ಥ್ರೆಡ್, ಇನ್ನೊಂದು ಕಡೆ ಲೆಫ್ಟ್ ಥ್ರೆಡ್. ನಡುವಿನ ಭಾಗ ತಿರುಗಿಸಿದರೆ ಲಿಂಕ್ ಉದ್ದವೋ ಗಿಡ್ಡವೋ ಆಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಟ್ರ್ಯಾಕ್ ಮತ್ತು ಆಟೋಕ್ರಾಸ್ (ಮಣ್ಣಿನ ಮೈದಾನದ ರೇಸ್) ಗಾಡಿಯ ಕಥೆ. ರಸ್ತೆ ಗಾಡಿಗೆ ಈ ಕೆಲಸ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗಳಿಗೇ ಅಡ್ಡ ಇದೆ. ಇನ್ನು, ನಾನು ಮಾಡಿಸಿದ್ದು ಎಳೆತ ಮತ್ತು ಒತ್ತಡ ಮಾತ್ರ ಹೊರುವ ಅಡ್ಡ ಲಿಂಕ್ ಮತ್ತು ಟೋ ಲಿಂಕ್ (ಚಕ್ರ ಎತ್ತ ಮುಖ ಮಾಡಿರಬೇಕು ಅನ್ನುವುದನ್ನು ಹಿಡಿದಿಡುವುದು). ಸ್ಪ್ರಿಂಗೋ ಡ್ಯಾಂಪರೋ ಕೂರುವ ಆರ್ಮ್ ಬಾಗುವ ಹೊರೆಯನ್ನೂ ಹೊರಬೇಕು. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಅಲ್ಯೂಮಿನಿಯಂ ಯಾಕೆ ಎಲ್ಲರಿಗೂ ಇಷ್ಟ ಅಂತ ಗೊತ್ತು. ವೆಲ್ಡಿಂಗ್ ಬೇಡ. 25 ಎಂಎಂ ಷಡ್ಭುಜ ರಾಡ್ ತಂದು, ಲೇತ್‌ನಲ್ಲಿ ಎರಡು ತುದಿಗೂ ರಂಧ್ರ ಕೊರೆದು ಟ್ಯಾಪ್ ಹೊಡೆದರೆ ಲಿಂಕ್ ರೆಡಿ. ಸ್ಪ್ಯಾನರ್ ಹಾಕಲು ಆರು ಮುಖ ಇದ್ದೇ ಇರುತ್ತವೆ. ಆನೊಡೈಸ್ ಮಾಡಿಸಿದರೆ ನೋಡಲೂ ಚೆಂದ. ಪೀಣ್ಯದ ಯಾವ ಸಣ್ಣ ಶಾಪ್‌ನಲ್ಲಾದರೂ ಆಗುವ ಕೆಲಸ. ನನ್ನವು 6082-ಟಿ6 ಅನ್ನುವ, ಹೀಟ್ ಟ್ರೀಟ್ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿಸಿದವು.

ತೂಕ ಕಮ್ಮಿ ಅಲ್ವಾ ಅಂತ ಕೇಳುತ್ತೀರಿ. ಲೆಕ್ಕ ಹಾಕಿ ನೋಡಿ. 25 ಎಂಎಂ ಘನ ಅಲ್ಯೂಮಿನಿಯಂ ಷಡ್ಭುಜ ರಾಡ್ ಮೀಟರ್‌ಗೆ ಸುಮಾರು 1.46 ಕೆಜಿ. 25.4 ಎಂಎಂ ಹೊರವ್ಯಾಸ, 3 ಎಂಎಂ ದಪ್ಪದ ಸ್ಟೀಲ್ ಪೈಪ್ ಮೀಟರ್‌ಗೆ ಸುಮಾರು 1.66 ಕೆಜಿ. ವ್ಯತ್ಯಾಸ 200 ಗ್ರಾಂ, ಅದೂ ಇಡೀ ಮೀಟರ್‌ಗೆ. ಲಿಂಕ್ ಮೀಟರ್‌ನ ಅರ್ಧವೂ ಇರುವುದಿಲ್ಲ. ಬಾಗದೆ ನಿಲ್ಲುವ ಬಿಗಿತದಲ್ಲಿ ಅದೇ ಪೈಪ್ ಈ ರಾಡಿಗಿಂತ ಹತ್ತಿರ ಹತ್ತಿರ 1.7 ಪಟ್ಟು ಮುಂದಿದೆ. ಯಾಕೆಂದರೆ ಅಲ್ಯೂಮಿನಿಯಂನ ಬಿಗಿತವೇ ಉಕ್ಕಿನ ಮೂರನೇ ಒಂದು ಭಾಗ. ಘನ ರಾಡ್ ಹಾಕಿ ಆ ಕೊರತೆ ತುಂಬಿಸಲು ಹೋದರೆ ಉಳಿಸಿದ ತೂಕ ಅಲ್ಲೇ ಕರಗಿಹೋಗುತ್ತದೆ. ಫ್ಯಾಕ್ಟರಿಯ ಫೋರ್ಜ್ಡ್ ಅಲ್ಯೂಮಿನಿಯಂ ಆರ್ಮ್ ತೋರಿಸಿ ವಾದ ಮಾಡುವವರಿದ್ದಾರೆ. ಅದರ ಆಕಾರ ಬೇರೆ, ತಯಾರಿಸುವ ರೀತಿ ಬೇರೆ. ಅಂಗಡಿಯಿಂದ ಕೊಯ್ದು ತಂದ ರಾಡಿಗೆ ಆ ಹೆಸರು ಅಂಟಿಸಬೇಡಿ.

ಇಷ್ಟಾದರೂ ಅವನ್ನು ಇಟ್ಟುಕೊಂಡಿರುತ್ತಿದ್ದೆ. ತಲೆ ಕೆಡಿಸಿದ್ದು ಥ್ರೆಡ್.

ಒಂದು ಮಳೆಗಾಲ ಕೆಂಪು ಮಣ್ಣಿನ ಕೆಸರಿನಲ್ಲಿ ಓಡಿದ ಮೇಲೆ ಅಲೈನ್‌ಮೆಂಟ್‌ಗೆ ತಗೊಂಡು ಹೋದೆ. ರಾಡ್ ಎಂಡ್ ಅಲುಗದಂತೆ ಬಿಗಿದಿಡುವ ಚೆಕ್ ನಟ್ ಸಡಿಲವಾಯಿತು. ಟೋ ಲಿಂಕ್ ಮಾತ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದರೆ ಲಿಂಕಿನ ಜೊತೆ ರಾಡ್ ಎಂಡೇ ವಾಲಿಕೊಂಡು ಬ್ರಾಕೆಟ್ಟಿಗೆ ಹೋಗಿ ತಾಗುತ್ತಿತ್ತು. ಕೊನೆಗೆ ಕಿರ್ರ್ ಅಂತ ಸದ್ದು ಮಾಡಿ ತಿರುಗಿತು. ಬಿಚ್ಚಿ ನೋಡಿದರೆ ರಂಧ್ರದ ತುಂಬ ಬಿಳಿ ಪುಡಿ. ರಾಡ್ ಎಂಡಿನ ಥ್ರೆಡ್ ಸಂದಿನಲ್ಲಿ ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಕಿತ್ತು ಬಂದಿತ್ತು. ಹೊರಗಡೆ ಲಿಂಕ್ ಇನ್ನೂ ಹೊಚ್ಚ ಹೊಸದರ ಹಾಗೆ ಫಳಫಳ ಅನ್ನುತ್ತಿತ್ತು.

ಕಾರಣ ಗುಟ್ಟೇನಲ್ಲ. ಅಲ್ಯೂಮಿನಿಯಂ ಮತ್ತು ಉಕ್ಕು ಒಂದನ್ನೊಂದು ಮುಟ್ಟಿಕೊಂಡಿದ್ದು, ನಡುವೆ ನೀರು ನಿಂತರೆ, ಸವೆಯುವುದು ಅಲ್ಯೂಮಿನಿಯಂ. ಒಂದು ಕಡೆ ಮುಚ್ಚಿದ ರಂಧ್ರ ಬೇರೆ, ಒಳಗೆ ಹೋದ ನೀರಿಗೆ ಹೊರಬರಲು ದಾರಿಯೇ ಇಲ್ಲ. ಆಂಟಿ-ಸೀಜ್ ಪೇಸ್ಟ್ ಹಚ್ಚಿಯೇ ಕೂರಿಸಿದ್ದು. ಅದು ಸ್ವಲ್ಪ ಕಾಲ ತಡೆಯುತ್ತದೆ ಅಷ್ಟೇ, ಕೆಸರಿನಲ್ಲಿ ಓಡುವ ಗಾಡಿಯಲ್ಲಿ ತೊಳೆದು ಹೋಗುತ್ತದೆ.

ಉಕ್ಕಿನ ಥ್ರೆಡ್ಡೂ ತುಕ್ಕು ಹಿಡಿದು ಜಾಮ್ ಆಗುತ್ತದೆ, ನಿಜ. ಆದರೆ ಅದಕ್ಕೆ ಮದ್ದು ಪ್ರತಿ ಗ್ಯಾರೇಜಿನಲ್ಲೂ ಇದೆ. ಎಣ್ಣೆ ಬಿಟ್ಟು, ಗ್ಯಾಸ್ ಟಾರ್ಚ್ ಹಿಡಿದು ಕಾಯಿಸಿದರೆ ಬಿಟ್ಟುಕೊಡುತ್ತದೆ. ಟಿ6 ಅಲ್ಯೂಮಿನಿಯಂಗೆ ಟಾರ್ಚ್ ಹಿಡಿಯುವ ಹಾಗಿಲ್ಲ. 200 ಡಿಗ್ರಿ ದಾಟಿಸಿ ಕಾಯಿಸಿದರೆ ಹೀಟ್ ಟ್ರೀಟ್‌ಮೆಂಟ್‌ನಿಂದ ಬಂದ ಬಲವೇ ಇಳಿಯತೊಡಗುತ್ತದೆ. ಬಲ ಇಳಿದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಇನ್ನು ಕಿತ್ತುಹೋದ ಥ್ರೆಡ್ಡಿಗೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರಿಸುವ ತಂತಿ ಸುರುಳಿ) ಹಾಕಿಸೋಣ ಅಂದರೆ ಹಾಳಾಗಿದ್ದು ಲೆಫ್ಟ್ ಥ್ರೆಡ್ಡಿನ ಕಡೆ. ಎಂ14, 1.5 ಪಿಚ್, ಲೆಫ್ಟ್ ಹೆಲಿಕಾಯಿಲ್ ಅಂತ ಎಸ್‌ಪಿ ರೋಡ್ ಸುತ್ತಮುತ್ತಲ ಟೂಲ್ ಅಂಗಡಿಗಳಲ್ಲಿ ಕೇಳಿದಾಗ ಬಂದ ಉತ್ತರ ಒಂದೇ: "ಅದೆಲ್ಲ ಯಾರ್ ಕೇಳ್ತಾರೆ ಸಾರ್?" ಒಂದು ಥ್ರೆಡ್ಡಿಗಾಗಿ ಇಡೀ ಲಿಂಕ್ ಗುಜರಿಗೆ ಹೋಯಿತು.

ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹ 7075 ಹಾಕಿ ಅಂದವರೂ ಇದ್ದಾರೆ. ಬಲ ಜಾಸ್ತಿ, ತುಕ್ಕಿನ ವಿಷಯದಲ್ಲಿ 6082ಗಿಂತಲೂ ನಾಜೂಕು. ನನ್ನ ತೊಂದರೆಗೆ ಅದು ಉತ್ತರ ಅಲ್ಲ.

ಕ್ರೋಮೋಲಿಗೆ ಬರೋಣ, ಅಂದರೆ 4130. ಒಳ್ಳೆಯ ಲೋಹ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ರೋಮೋಲಿ ಹಾಕಿದರೆ ಸಸ್ಪೆನ್ಷನ್ ಬಿಗಿಯಾಗುತ್ತದೆ ಅನ್ನುವುದು ಸುಳ್ಳು. ಸಾದಾ ಉಕ್ಕು, ಕ್ರೋಮೋಲಿ, ಎರಡರ ಬಿಗಿತವೂ ಒಂದೇ, 205 ಗಿಗಾಪ್ಯಾಸ್ಕಲ್ ಆಸುಪಾಸು. ಜಾಸ್ತಿ ಇರುವುದು ಬಲ. ಲಾಭ ಸಿಗಬೇಕೆಂದರೆ ಪೈಪ್ ತೆಳ್ಳಗೆ ಮಾಡಬೇಕು. 3 ಎಂಎಂ ಬದಲು 2 ಎಂಎಂ ಹಾಕಿದರೆ ಸುಮಾರು 400 ಎಂಎಂ ಉದ್ದದ ಲಿಂಕಿನಲ್ಲಿ 200 ಗ್ರಾಂ ಉಳಿಯುತ್ತದೆ. ಲಿಂಕಿನ ಒಂದು ತುದಿ ಬಾಡಿ ಕಡೆಗೇ ಇರುವುದರಿಂದ ಅದರಲ್ಲಿ ಅರ್ಧ ಮಾತ್ರ ಚಕ್ರದ ಜೊತೆ ಏರಿಳಿಯುವ ತೂಕದ ಲೆಕ್ಕಕ್ಕೆ ಬರುತ್ತದೆ. ಅದೇ 2 ಎಂಎಂ ಪೈಪಿಗೆ ಆಟೋಕ್ರಾಸ್‌ನಲ್ಲಿ ಕಲ್ಲು ಬಡಿದರೆ ತಗ್ಗು ಬೀಳುತ್ತದೆ. ತಗ್ಗು ಬಿದ್ದ ಪೈಪನ್ನು ಮತ್ತೆ ಒತ್ತಡಕ್ಕೆ ಒಡ್ಡಲು ನನಗೆ ಧೈರ್ಯ ಸಾಲುವುದಿಲ್ಲ.

ಕ್ರೋಮೋಲಿ ಬೆಸುಗೆಗೆ ಟಿಗ್ (ಟಂಗ್‌ಸ್ಟನ್ ಕಡ್ಡಿ, ಆರ್ಗಾನ್ ಅನಿಲದ ವೆಲ್ಡಿಂಗ್) ಬೇಕು, ಶುಚಿ ಬೇಕು. ವೆಲ್ಡ್ ಆದ ಮೇಲೆ ನೀರು ಸುರಿಯುವ ಅಭ್ಯಾಸ ಇರುವವರ ಕೈಗೆ ಕೊಡಲೇಬಾರದು, ಬೆಸುಗೆ ಪಕ್ಕದಲ್ಲೇ ಪೆಡಸಾಗಿ ಬಿರುಕು ಬಿಡುತ್ತದೆ. ಬೆಲೆ ಸಾದಾ ಪೈಪಿನ ಕೆಲವು ಪಟ್ಟು. ನನಗೆ ಸಿಕ್ಕ ಅಂಗಡಿಯವರು ಕತ್ತರಿಸಿ ಕೊಡಲೂ ಒಪ್ಪಲಿಲ್ಲ, ಇಡೀ ಉದ್ದ ತಗೊಳ್ಳಿ ಅಂದರು. ಉಳಿದ ತುಂಡು ಇನ್ನೂ ಮನೆಯ ಅಟ್ಟದ ಮೇಲಿದೆ.

ಸ್ಟೇನ್‌ಲೆಸ್ 304: ಬೇಡ. ಹೊಳೆಯುತ್ತದೆ, ಬಲ ಇಲ್ಲ, ಥ್ರೆಡ್ ಕಚ್ಚಿಕೊಳ್ಳುತ್ತದೆ.

ನಲ್ಲಿ ಕೆಲಸದ ಜಿಐ (ಸತು ಲೇಪಿಸಿದ) ಪೈಪ್: ಅದರ ಮಾತೇ ಬೇಡ. ಸತುವಿನ ಹೊಗೆ ಕುಡಿಯಬೇಕು, ಒಳಗೆ ಬೆಸುಗೆಯ ಗೆರೆ ಎದ್ದಿರುತ್ತದೆ, ರಾಡ್ ಎಂಡ್ ಹಿಡಿಯಲು ಪೈಪಿನ ತುದಿಯೊಳಗೆ ಕೂರಿಸುವ, ಥ್ರೆಡ್ ಹೊಡೆದ ಉಕ್ಕಿನ ಬುಶ್ ಸರಿಯಾಗಿ ಕೂರುವುದಿಲ್ಲ.

ನಾನು ಹಾಕಿದ ಸಾದಾ ಉಕ್ಕಿನ ಸಿಡಿಡಬ್ಲ್ಯೂ (ಕೋಲ್ಡ್ ಡ್ರಾನ್ ವೆಲ್ಡೆಡ್) ಪೈಪ್ ಗೆಲ್ಲುವುದು ಅಲ್ಲೇ. ತಣ್ಣಗಿದ್ದಾಗಲೇ ಅಚ್ಚಿನಲ್ಲಿ ಎಳೆದಿರುವುದರಿಂದ ಒಳಗೋಡೆ ನಯ, ಅಳತೆ ನಿಖರ. ಲೇತ್‌ನವನು ಮಾಡಿಕೊಟ್ಟ ಬುಶ್ ಮರದ ಸುತ್ತಿಗೆಯ ನಾಲ್ಕು ಏಟಿಗೆ ಒಳಗೆ ಹೋಗಿ ಕೂರುತ್ತದೆ. ತುದಿಯಲ್ಲಿ ಸುತ್ತ ಒಂದು ಬೆಸುಗೆ, ಪೈಪಿನ ಪಕ್ಕದಲ್ಲಿ ತೂತು ಮಾಡಿ ಎರಡು ಪ್ಲಗ್ ಬೆಸುಗೆ. ಬೆಸುಗೆ ಹಾಕುವಾಗ ಥ್ರೆಡ್ಡಿನೊಳಗೆ ಹಳೆಯ ಬೋಲ್ಟ್ ಒಂದನ್ನು ಬಿಗಿದಿಡಿ, ಬಿಸಿಗೆ ಥ್ರೆಡ್ ಸೊಟ್ಟಗಾಗುವುದು ತಪ್ಪುತ್ತದೆ. ಆಮೇಲೆ ಟ್ಯಾಪ್ ಇನ್ನೊಂದು ಸಲ ಓಡಿಸಿ. ಹೌದು, ಲೆಫ್ಟ್ ಟ್ಯಾಪ್ ಹುಡುಕಬೇಕು. ಅದು ಹೆಲಿಕಾಯಿಲ್‌ನಷ್ಟು ಅಪರೂಪ ಅಲ್ಲ, ಒಮ್ಮೆ ಕೊಂಡರೆ ಬಹುಕಾಲ ಬರುತ್ತದೆ. ರಾಡ್ ಎಂಡ್ ಎಷ್ಟು ಒಳಗೆ ಹೋಗಬೇಕು ಅಂದರೆ, ವ್ಯಾಸದ ಒಂದೂವರೆ ಪಟ್ಟಾದರೂ. ಎಂ14ಗೆ 21 ಎಂಎಂ. ಅಲೈನ್‌ಮೆಂಟ್ ಮಾಡುವವರು ಇದನ್ನು ನೋಡುವುದಿಲ್ಲ, ನೀವೇ ಗುರುತು ಹಾಕಿಕೊಳ್ಳಿ.

ನನಗೆ ಇದು ಒಗ್ಗುವುದಕ್ಕೆ ಇನ್ನೊಂದು ಕಾರಣ ನನ್ನ ಅಭ್ಯಾಸ. ಪ್ರತಿ ಈವೆಂಟ್ ಆದ ಮೇಲೆ ಗಾಡಿ ತೊಳೆದು, ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡುತ್ತೇನೆ. ಲಿಂಕಿಗೆ ಪೌಡರ್ ಕೋಟಿಂಗ್ ಮಾಡಿಸುವುದಿಲ್ಲ, ಬಿಳಿ ಪೇಂಟ್ ತೆಳ್ಳಗೆ ಹೊಡೆಯುತ್ತೇನೆ. ಬೆಸುಗೆ ಪಕ್ಕ ಕೂದಲೆಳೆ ಬಿರುಕು ಬಂದರೂ ಕೆಂಪಗೆ ತುಕ್ಕಿನ ಗೆರೆ ಎದ್ದು ಕಾಣುತ್ತದೆ. ಸಾದಾ ಉಕ್ಕು ಮುರಿಯುವ ಮೊದಲು ಬಾಗುತ್ತದೆ, ಬಾಗಿದ್ದು ಸ್ಟೀರಿಂಗ್‌ನಲ್ಲೇ ಗೊತ್ತಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದಿಲ್ಲ, ಹೊಸದು ಮಾಡಿಸುವಷ್ಟು ಅಗ್ಗ ಇದೆ.

ನೀವು ಡಾಂಬರು ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುವವರು, ಮಳೆಗೆ ಗಾಡಿ ತೆಗೆಯದವರು, ವರ್ಷಕ್ಕೊಮ್ಮೆ ಎಲ್ಲ ಬಿಚ್ಚಿ ಜೋಡಿಸುವವರಾದರೆ ಅಲ್ಯೂಮಿನಿಯಂ ಬಾಳಿಕೆ ಬರಬಹುದು. ನೂರು ಗ್ರಾಂಗೂ ಸೆಕೆಂಡಿನ ಲೆಕ್ಕ ಹಾಕುವವರಾದರೆ, ಒಳ್ಳೆ ಟಿಗ್ ವೆಲ್ಡರ್ ಕೈಗೆ ಸಿಕ್ಕರೆ, ಕ್ರೋಮೋಲಿ. ನಾನು ಆ ದುಡ್ಡನ್ನು ರಾಡ್ ಎಂಡಿಗೆ ಹಾಕಿದೆ. ಒಳಗೆ ಲೈನರ್ (ಗುಂಡಿನ ಸುತ್ತ ನಯವಾದ ಪದರ) ಇರುವುದನ್ನೇ ಕೊಂಡೆ, ಜೊತೆಗೆ ಪ್ರತಿಯೊಂದಕ್ಕೂ ರಬ್ಬರ್ ಬೂಟ್. ಈ ಲಿಂಕ್‌ಗಳಲ್ಲಿ ಮೊದಲು ಸವೆದು ಟಕಟಕ ಅನ್ನುವುದು ಪೈಪಲ್ಲ, ರಾಡ್ ಎಂಡಿನ ಗುಂಡು.