ನೀಲಿ ಚೌಕ, ವೀಲ್‌ಚೇರ್ ಚಿತ್ರ ತೋರಿಸಿದರೆಂದು ಫೀಸು ಕಟ್ಟಬೇಡಿ

ಮಂಗಳೂರಿನಲ್ಲಿ ಈ ವರ್ಷ ಪಿಜಿ ಕೋರ್ಸಿಗೆ ಸೇರುವವರು, ಅದರಲ್ಲೂ ಕಾಲಿನ ತೊಂದರೆ ಇದ್ದು ಸೈಡ್ ವೀಲ್ ಸ್ಕೂಟರಿನಲ್ಲೋ (ಪಕ್ಕಕ್ಕೆ ಎರಡು ಚಕ್ರ ಹೆಚ್ಚಿಗೆ ಹಾಕಿದ್ದು) ಕಾರಿನಲ್ಲೋ ಬರುವವರು ದಯವಿಟ್ಟು ಪಾರ್ಕಿಂಗ್ ಬಗ್ಗೆ ಇದನ್ನು ಓದಿ. ಯೂನಿವರ್ಸಿಟಿಯ ಹೆಸರು ಹಾಕುವುದಿಲ್ಲ. ನಾನಿನ್ನೂ ಅಲ್ಲೇ ಓದುತ್ತಿದ್ದೇನೆ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿದೆ. ಗೊತ್ತಲ್ವಾ ನಿಮಗೆ.

ನಾನು ಎಡಗಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಹಾಕಿ, ಊರುಗೋಲು ಹಿಡಿದು ನಡೆಯುವವಳು. ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಅಂಗವಿಕಲರ ಸರ್ಕಾರಿ ಗುರುತಿನ ಚೀಟಿಯಲ್ಲಿ, ಶೇ. 65 ವೈಕಲ್ಯ ಅಂತ ಇದೆ. ಸಮತಟ್ಟು ನೆಲದಲ್ಲಿ ಹೇಗೋ ಆಗುತ್ತದೆ. ಆದರೆ ನಮ್ಮೂರಿನ ಕ್ಯಾಂಪಸ್ಸುಗಳು ಎಲ್ಲಿರುತ್ತವೆ ಹೇಳಿ? ಗುಡ್ಡ ಕಡಿದ ಜಾಗದಲ್ಲಿ. ಮೇಲೊಂದು ಬ್ಲಾಕ್, ಕೆಳಗೊಂದು ಬ್ಲಾಕ್, ನಡುವೆ ಏರು ರಸ್ತೆ, ಮೆಟ್ಟಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಟ್ಟಿಲ ಮೇಲೆಲ್ಲ ಪಾಚಿ. ಕಾಲು ಗಟ್ಟಿ ಇದ್ದವರೇ ಜಾರಿ ಬೀಳುತ್ತಾರೆ. ಹಾಗಾಗಿ ಸೇರುವ ಮೊದಲು ನಾನು ಕೇಳಿದ್ದು ಒಂದೇ ವಿಷಯ. ಹಾಸ್ಟೆಲ್ ಬೇಡ, ಸ್ಕಾಲರ್‌ಶಿಪ್ ಆಮೇಲೆ ನೋಡೋಣ, ಕ್ಲಾಸ್ ನಡೆಯುವ ಬ್ಲಾಕಿನ ಬಾಗಿಲ ಹತ್ತಿರ ಗಾಡಿ ನಿಲ್ಲಿಸಲು ಬಿಡುತ್ತೀರಾ?

ಅಡ್ಮಿಷನ್ ಆಫೀಸಿನವರ ಮಾತು ಕೇಳಬೇಕಿತ್ತು ನೀವು. "ಅದಕ್ಕೆಂತ ಮಂಡೆಬಿಸಿ ಮೇಡಂ? ನಮ್ಮಲ್ಲಿ ಎಲ್ಲ ಉಂಟು" ಅಂದವರೇ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದರು. ಬ್ಲಾಕಿನ ಎದುರಿಗೇ ನೀಲಿ ಚೌಕಗಳು, ನಡುವೆ ಬಿಳಿ ಬಣ್ಣದ ವೀಲ್‌ಚೇರ್ ಚಿತ್ರ, ಪಕ್ಕದಲ್ಲೇ ರ‍್ಯಾಂಪ್. "ಪಾರ್ಕಿಂಗ್ ಪಾಸ್, ಕ್ಲಾಸ್ ಶುರುವಾದ ಮೇಲೆ ಕೊಡ್ತೇವೆ, ಅದು ಬರೀ ಫಾರ್ಮಾಲಿಟಿ." ಅಪ್ಪ ಅವತ್ತೇ ಫೀಸು ಕಟ್ಟಿದರು. ಟಿಸಿಯೂ ಅವರ ಫೈಲಿಗೆ ಹೋಯಿತು.

ಕ್ಲಾಸ್ ಶುರುವಾದ ಮೇಲೆ ಪಾಸಿನ ಅರ್ಜಿ ತೆಗೆದುಕೊಂಡೆ. ಅದರಲ್ಲಿ ಎರಡೇ ಖಾನೆ, ಟೂ ವೀಲರ್ ಮತ್ತು ಫೋರ್ ವೀಲರ್. ನನ್ನ ಗಾಡಿಗೆ ಚಕ್ರ ನಾಲ್ಕಿವೆ, ಆದರೆ ಅದು ಸ್ಕೂಟರ್! ಕೌಂಟರಿನವರು ಟೂ ವೀಲರಿಗೇ ಟಿಕ್ ಹಾಕಿಸಿದರು. ಯುಡಿಐಡಿ ಜೆರಾಕ್ಸ್ ಕೊಟ್ಟರೆ "ಇದು ಆಗುದಿಲ್ಲ, ನಮ್ಮ ಕ್ಯಾಂಪಸ್ ಡಾಕ್ಟರ್ ಹತ್ರ ಬರೆಸಿಕೊಂಡು ಬನ್ನಿ" ಅಂದರು. ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯೂ ನಿಂತು, ಡಾಕ್ಟರು ಪರೀಕ್ಷೆ ಮಾಡಿ, ಆಮೇಲೆ ಸಿಕ್ಕಿದ ಕಾರ್ಡು ಅದು. ದೇಶದಲ್ಲೆಲ್ಲ ನಡೆಯುತ್ತದೆ, ಇವರ ಪಾರ್ಕಿಂಗಿಗೆ ಮಾತ್ರ ಸಾಲದು. ಸರಿ, ಬರೆಸಿಕೊಂಡು ಬಂದೆ. ಅದಕ್ಕೆ ಡಾಕ್ಟರ್ ಫೀಸು ಬೇರೆ. ಪಾಸಿಗೂ ಎಲ್ಲರಷ್ಟೇ ದುಡ್ಡು.

ಸ್ಟಿಕರ್ ಅಂಟಿಸಿಕೊಂಡು ಮೇಲೆ ಹೋದೆ. ನೀಲಿ ಚೌಕದ ಮೇಲೆ ಬಿಳಿ ಇನ್ನೋವಾ ನಿಂತಿದೆ. ಇನ್ನೊಂದು ಚೌಕದಲ್ಲಿ ಹೂಕುಂಡ. ಹೌದು, ಸಾಲಾಗಿ ಹೂಕುಂಡ! ಸೆಕ್ಯೂರಿಟಿ ಅಣ್ಣ ಓಡಿ ಬಂದು ಸ್ಟಿಕರ್ ನೋಡಿದರು. "ಅಕ್ಕಾ, ಇದು ಕೆಳಗಿನ ಗ್ರೌಂಡಿಂದು." ಕೆಳಗಿನ ಗ್ರೌಂಡ್ ಅಂದರೆ ಗೇಟಿನ ಪಕ್ಕದ ಕೆಂಪು ಮಣ್ಣಿನ ಮೈದಾನ, ಮಳೆಗಾಲದಲ್ಲಿ ಬರೀ ಕೆಸರು. ಅಲ್ಲಿಂದ ಬ್ಲಾಕಿಗೆ ಬರಲು ಅದೇ ಪಾಚಿ ಮೆಟ್ಟಿಲು.

"ಇದು ನಮ್ಮಂಥವರ ಜಾಗ ಅಲ್ವಾ ಅಣ್ಣ?" ಅಂದೆ. ಅವರು ಆಚೀಚೆ ನೋಡಿ ಮೆಲ್ಲಗೆ ಹೇಳಿದರು, "ಅದು ನ್ಯಾಕ್‌ನವರು ಬರುವಾಗ ಹಾಕಿದ್ದು ಅಕ್ಕಾ. ಫೋಟೋ ತೆಗೆದಾಯ್ತಲ್ಲ."

ಫೋಟೋ ತೆಗೆದಾಯ್ತಲ್ಲ! ನ್ಯಾಕ್ ಅಂದರೆ ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ನೋಡುವ ಸಂಸ್ಥೆ. ಕ್ಯಾಂಪಸ್ ಅಂಗವಿಕಲಸ್ನೇಹಿ ಆಗಿದೆಯಾ ಅಂತ ಅವರು ಕೇಳುತ್ತಾರೆ. ರ‍್ಯಾಂಪ್, ಲಿಫ್ಟ್, ಶೌಚಾಲಯ, ಬೋರ್ಡು ಎಲ್ಲದಕ್ಕೂ ಜಿಯೋಟ್ಯಾಗ್ ಮಾಡಿದ ಫೋಟೋ ಹಾಕಬೇಕು. ಹಾಕಿದ್ದಾರೆ. ಅಡ್ಮಿಷನ್ ದಿನ ಅಪ್ಪನಿಗೂ ನನಗೂ ತೋರಿಸಿದ್ದು ಅದೇ ಫೋಟೋದ ಜಾಗ. ಅಷ್ಟು ಹೊತ್ತಿಗೆ ನನ್ನ ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಸೈಡ್ ವೀಲ್ ಗಾಡಿ ಗಿರ್ರನೆ ತಿರುಗುವುದಿಲ್ಲ, ನನ್ನದಕ್ಕೆ ರಿವರ್ಸೂ ಇಲ್ಲ. ನಾನು ಕೂತ ಹಾಗೇ ಇಬ್ಬರು ಹುಡುಗರು ಗಾಡಿಯನ್ನು ಹಿಂದಕ್ಕೆ ಎಳೆದರು. ಇಡೀ ಬ್ಲಾಕ್ ನೋಡುತ್ತಿತ್ತು. ನನ್ನ ಕ್ಲಾಸಿನವರೂ ಇದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಆಡಳಿತ ಕಚೇರಿಯ ಉತ್ತರಗಳು. ಒಬ್ಬರು, "ಅದು ವಿಸಿಟರ್ಸ್‌ಗೆ." ಇನ್ನೊಬ್ಬರು, "ನಿಮಗೊಬ್ಬರಿಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ." ಕೇಳಲಿ ಮಾರಾಯ್ರೆ! ಎಲ್ಲರೂ ವೆನ್ಲಾಕಿಗೆ ಹೋಗಿ ಕಾರ್ಡು ಮಾಡಿಸಿಕೊಂಡು ಬಂದು ಕೇಳಲಿ. ಮತ್ತೊಬ್ಬರಂತೂ ಕುರ್ಚಿಯಿಂದ ಏಳದೆ, "ಸ್ಕೂಟರ್ ಬಿಡ್ಲಿಕ್ಕೆ ಆಗ್ತದೆ, ನಾಲ್ಕು ಹೆಜ್ಜೆ ನಡೀಲಿಕ್ಕೆ ಆಗುದಿಲ್ವಾ?" ಅಂದರು. ನಡೆಯಲು ಆಗದ್ದಕ್ಕೇ ಸ್ಕೂಟರ್ ಸ್ವಾಮಿ.

ಕೊನೆಗೆ ಅಡ್ಮಿಷನ್ ಆಫೀಸಿಗೇ ಹೋದೆ. ಅವರೇ, ಅದೇ ನಗು. "ಜಾಗ ಉಂಟು ಅಂತ ಹೇಳಿದ್ದು ಮೇಡಂ. ನಿಮಗೆ ಕೊಡ್ತೇವೆ ಅಂತ ಹೇಳ್ಲಿಲ್ಲ ಅಲ್ವಾ?" ನನಗೆ ಮಾತೇ ಬರಲಿಲ್ಲ. ಅಪ್ಪ ಜೊತೆಗಿರಲಿಲ್ಲ, ಒಳ್ಳೆಯದೇ ಆಯಿತು. ಫೀಸು ವಾಪಸ್ ಕೇಳಿದರೆ ಕೊನೆಯ ದಿನ ಮುಗಿದಿದೆಯಂತೆ.

ಇವರು ದಯೆ ತೋರಿಸಬೇಕಾದ ವಿಷಯ ಅಲ್ಲ ಇದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ನೋಡಿ. ಸರ್ಕಾರದ ಅನುದಾನ ಇರಲಿ, ಬರೀ ಮಾನ್ಯತೆ ಇರಲಿ, ಕಟ್ಟಡ, ಕ್ಯಾಂಪಸ್ ಎಲ್ಲ ನಮಗೆ ಬಳಸಲು ಆಗುವಂತಿರಬೇಕು. ಖಾಸಗಿ ಅಂತ ಹೇಳಿ ಜಾರಿಕೊಳ್ಳುವ ಹಾಗಿಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಪಾರ್ಕಿಂಗ್ ಜಾಗ 3.6 ಮೀಟರ್ ಅಗಲ ಇರಬೇಕು, ಬಾಗಿಲಿನಿಂದ 30 ಮೀಟರ್ ಒಳಗೆ ಇರಬೇಕು ಅಂತ ಇದೆ. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಆಮೇಲೆ 50,000ದಿಂದ 5 ಲಕ್ಷದವರೆಗೆ. ಇದನ್ನೆಲ್ಲ ಬರೆದು ರಿಜಿಸ್ಟ್ರಾರ್‌ಗೆ ಕೊಟ್ಟ ಮೇಲೆ ಇಮೇಲ್ ಬಂತು. "ತಮ್ಮ ಮನವಿ ಪರಿಶೀಲನೆಯಲ್ಲಿದೆ." ಇನ್ನೂ ಪರಿಶೀಲನೆಯಲ್ಲೇ ಇದೆ!

ನೀವು ಸೇರುವ ಮೊದಲು ಪಾಸ್ ಕೈಗೆ ಕೇಳಿ. ಆಮೇಲೆ ಕೊಡುತ್ತೇವೆ ಅಂದರೆ ಯಾವ ಬ್ಲಾಕಿನ ಎದುರು, ಯಾವ ಗಾಡಿಗೆ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಯುಡಿಐಡಿ ಇದ್ದ ಮಾತ್ರಕ್ಕೆ ಕ್ಯಾಂಪಸ್ಸಿನಲ್ಲಿ ಜಾಗ ಸಿಗುವುದಿಲ್ಲ, ಪಾಸ್ ಕೊಡುವುದು ಆಯಾ ಸಂಸ್ಥೆಯೇ. ಇನ್ನೊಂದು, ಅಡ್ಮಿಷನ್ ಆಫೀಸಿನವರ ಜೊತೆ ಹೋಗಿ ನೋಡಬೇಡಿ. ಸುಮ್ನೆ ಕ್ಲಾಸ್ ಇರುವ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ನೀವೇ ಹೋಗಿ, ಆ ಚೌಕದಲ್ಲಿ ಯಾರ ಕಾರು ನಿಂತಿದೆ ನೋಡಿ. ಸೆಕ್ಯೂರಿಟಿಯವರನ್ನು ಕೇಳಿ. ಆಫೀಸಿನಲ್ಲಿ ಸಿಗದ ನಿಜ ಅವರ ಹತ್ತಿರ ಸಿಗುತ್ತದೆ. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ.

ನಾನು ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆದು ಇಟ್ಟಿದ್ದೇನೆ, ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ಕಳಿಸುತ್ತೇನೆ. ಅಷ್ಟರೊಳಗೆ ಒಂದು ಸಹಾಯ ಬೇಕು. ಉಡುಪಿ, ಮಂಗಳೂರಿನ ಯಾವುದಾದರೂ ಕ್ಯಾಂಪಸ್ಸಿನಲ್ಲಿ ಸೈಡ್ ವೀಲ್ ಗಾಡಿಗೆ ಸರಿಯಾದ ಪಾಸ್ ಸಿಕ್ಕಿದವರು ಇದ್ದರೆ ಅದರ ಫೋಟೋ ಕಳಿಸಿ, ಹೆಸರು, ನಂಬರ್ ಅಳಿಸಿ ಸಾಕು. "ಇಂಥ ಪಾಸ್ ಎಲ್ಲಿಯೂ ಇಲ್ಲ" ಅಂತ ನಮ್ಮ ಯೂನಿವರ್ಸಿಟಿಯವರು ವಾದ ಮಾಡುತ್ತಿದ್ದಾರೆ.