ದರದ ಕಾಲಂ ಯಾರಿಗೆ ಕಾಣಬೇಕು? ಟ್ರೆಲ್ಲೊ, ಜಿರಾ, ರೆಡ್‌ಮೈನ್ ಬಳಸಿ ನೋಡಿದ್ದು

ನಮ್ಮದು 12 ಜನರ ಇಂಟೀರಿಯರ್ ಕಚೇರಿ. ಡಿಸೈನ್, ಸೈಟ್, ಪರ್ಚೇಸ್, ಅಕೌಂಟ್ಸ್ ಅಂತ ನಾಲ್ಕು ವಿಭಾಗ. ಪ್ಲೈವುಡ್ ಎಷ್ಟು ಶೀಟ್, ಯಾವತ್ತು ಬರುತ್ತದೆ ಅನ್ನುವುದು ಸೈಟ್ ಸೂಪರ್‌ವೈಸರ್‌ಗೆ ಗೊತ್ತಿರಬೇಕು. ಎಷ್ಟಕ್ಕೆ ತಂದೆವು ಅನ್ನುವುದು ಬೇಡ. ಸೈಟಿನಲ್ಲಿ ಅವನ ಫೋನಿಗೆ ಮನೆ ಮಾಲೀಕರೂ ಇಣುಕುತ್ತಾರೆ! ಇದೊಂದನ್ನೇ ಮುಂದಿಟ್ಟುಕೊಂಡು, ತಂಡದ ಕೆಲಸಗಳ ಲೆಕ್ಕ ಇಡುವ ಮೂರು ಸಾಫ್ಟ್‌ವೇರ್ ಬಳಸಿ ನೋಡಿದೆ.

ಟ್ರೆಲ್ಲೊ ಕತೆ ಎರಡೇ ವಾರಕ್ಕೆ ಮುಗಿಯಿತು. ಅಲ್ಲಿ ಒಂದೊಂದು ಕೆಲಸಕ್ಕೆ ಒಂದು ಕಾರ್ಡ್, ಕಾರ್ಡುಗಳನ್ನೆಲ್ಲ ಜೋಡಿಸಿದ ಪುಟವೇ ಬೋರ್ಡ್. ಯಾರಿಗೆ ಕಾಣಬೇಕು ಅನ್ನುವ ಗೋಡೆ ಇರುವುದು ಬೋರ್ಡಿಗೆ. ಒಳಗೆ ಬಂದವರಿಗೆ ಎಲ್ಲ ಕಾರ್ಡೂ ಕಾಣುತ್ತದೆ. ಪರ್ಚೇಸಿಗೆ ಬೇರೆ ಬೋರ್ಡ್ ಮಾಡಿದೆವು. ಒಂದೇ ಆರ್ಡರಿಗೆ ಎರಡು ಕಾರ್ಡಾಗಿ, ಒಂದರಲ್ಲಿ ತಾರೀಖು ತಿದ್ದಿದವರು ಇನ್ನೊಂದನ್ನು ಮರೆತರು.

ಜಿರಾ ಗಟ್ಟಿ. ಪ್ರಾಜೆಕ್ಟಿಗೆ ಪರ್ಮಿಷನ್ ಸ್ಕೀಮ್ (ಯಾರು ಏನು ಮಾಡಬಹುದು ಅನ್ನುವ ಪಟ್ಟಿ), ಒಂದೊಂದು ಟಿಕೆಟ್ಟಿಗೂ, ಅಂದರೆ ಒಂದೊಂದು ಕೆಲಸದ ದಾಖಲೆಗೂ, ಸೆಕ್ಯುರಿಟಿ ಲೆವೆಲ್ (ಅದು ಯಾರಿಗೆ ಕಾಣಬೇಕು ಅನ್ನುವುದು). ಆದರೆ 10 ಜನರ ಉಚಿತ ಪ್ಲ್ಯಾನಿನಲ್ಲಿ ಪ್ರಾಜೆಕ್ಟ್ ಪರ್ಮಿಷನ್ ಬದಲಿಸಲು ಬರುವುದಿಲ್ಲ, ಹಣ ಕೊಡುವ ಪ್ಲ್ಯಾನಿನ ಟ್ರಯಲ್ಲೇ ಬೇಕಾಯಿತು. ಅಲ್ಲೂ ಟಿಕೆಟ್ಟನ್ನು ಪೂರ್ತಿ ಮುಚ್ಚಬಹುದು. ದರ ಒಂದನ್ನೇ ಮರೆಮಾಡಲು ದಾರಿ ಸಿಗಲಿಲ್ಲ.

ಕೊನೆಗೆ ರೆಡ್‌ಮೈನ್. 2006ರಲ್ಲಿ ಬಂದ ಓಪನ್ ಸೋರ್ಸ್ ಸಾಫ್ಟ್‌ವೇರ್, ಮುಖವೂ ಆ ಕಾಲದ್ದೇ. 'ದರ' ಅಂತ ಕಸ್ಟಮ್ ಫೀಲ್ಡ್ (ನಾವೇ ಸೇರಿಸುವ ಕಾಲಂ) ಮಾಡುವಾಗ ಯಾವ ರೋಲ್‌ಗಳಿಗೆ (ಸೈಟ್, ಪರ್ಚೇಸ್ ಹೀಗೆ ಒಬ್ಬೊಬ್ಬರ ಪಾತ್ರ) ಕಾಣಬೇಕು ಅಂತ ಅಲ್ಲೇ ಕೇಳುತ್ತದೆ. ಪರ್ಚೇಸ್, ಅಕೌಂಟ್ಸ್ ಎರಡಕ್ಕೆ ಟಿಕ್ ಹಾಕಿ, ಸೈಟ್ ಲಾಗಿನ್‌ನಲ್ಲಿ ಒಳಹೊಕ್ಕು ನೋಡಿದೆ. ಶೀಟ್ ಲೆಕ್ಕ ಇದೆ, ತಾರೀಖಿದೆ, ದರದ ಸಾಲು ಮಾಯ. ಖಾಲಿ ಜಾಗವೂ ಉಳಿದಿಲ್ಲ.

ನಾನು ಬೀಗುತ್ತಿದ್ದಾಗಲೇ ಸೂಪರ್‌ವೈಸರ್ ಕೆಳಗೆ ಸ್ಕ್ರೋಲ್ ಮಾಡಿ, "ಸಾರ್, ಕೊಟೇಶನ್ ಪಿಡಿಎಫ್ ಇಲ್ಲೇ ಇದೆಯಲ್ಲಾ" ಅಂದ. ಫೀಲ್ಡ್ ಮುಚ್ಚಿದರೂ ಲಗತ್ತಿಸಿದ ಫೈಲು ಟಿಕೆಟ್ ನೋಡುವವರಿಗೆಲ್ಲ ತೆರೆದೇ ಇರುತ್ತದೆ. ಈಗ ಕೊಟೇಶನ್ನಿಗೆಂದೇ ಒಂದು ಸಬ್‌ಟಾಸ್ಕ್ (ಆ ಟಿಕೆಟ್ಟಿನ ಕೆಳಗೊಂದು ಉಪಟಿಕೆಟ್) ಮಾಡಿ, ಅದನ್ನು 'ಪ್ರೈವೇಟ್' ಮಾಡುತ್ತೇವೆ. ಇನ್ನೊಂದು: ಹೊಸ ಪ್ರಾಜೆಕ್ಟ್ ತೆರೆದಾಗ 'ಪಬ್ಲಿಕ್' ಟಿಕ್ ತಾನಾಗಿಯೇ ಬಿದ್ದಿರುತ್ತದೆ. ನಾನು ಒಮ್ಮೆ ಅದನ್ನು ತೆಗೆಯಲು ಮರೆತು, ಅಕೌಂಟ್ಸಿನ ಪ್ರಾಜೆಕ್ಟ್ ಇಡೀ ದಿನ ಕಚೇರಿಗೆಲ್ಲ ಕಂಡಿತ್ತು. ಸೆಟ್ಟಿಂಗ್ಸಿನಲ್ಲಿ ಆ ಡೀಫಾಲ್ಟನ್ನೇ ಬದಲಿಸಿಬಿಡಿ.

ನಾವು ಉಳಿಸಿಕೊಂಡಿದ್ದು ರೆಡ್‌ಮೈನನ್ನೇ. ಅದನ್ನು ನಮ್ಮದೇ ಸರ್ವರ್‌ನಲ್ಲಿ ನಡೆಸುತ್ತಿದ್ದೇವೆ, ಹಾಗಾಗಿ ಸರ್ವರ್ ನೋಡಿಕೊಳ್ಳುವವರಿಲ್ಲದ ಕಚೇರಿಗೆ ಮಾತ್ರ ಇದನ್ನು ಹೇಳಲಾರೆ. ಬ್ಯಾಕಪ್, ಅಪ್‌ಡೇಟ್ ಎಲ್ಲ ನನ್ನ ಭಾನುವಾರಗಳಿಗೆ ಅಂಟಿಕೊಂಡಿವೆ. ಪರ್ಚೇಸಿನವರು ಆಗಾಗ ಪಿಡಿಎಫ್ಫನ್ನು ಹಳೇ ಜಾಗಕ್ಕೇ ಹಾಕುತ್ತಾರೆ, ಹಾಗಾಗಿ ವಾರಕ್ಕೊಮ್ಮೆ ಸೈಟ್ ಲಾಗಿನ್‌ನಲ್ಲಿ ಹೊಕ್ಕು ಹುಡುಕುವ ಕೆಲಸವೂ ನನ್ನದೇ.